ಪಯ್ಯನ್ನೂರಿನ ಗಾಂಧಿ ಮಾವು: ಒಂದು ಮರ ಐತಿಹಾಸಿಕ ಆಗುವುದು ಹೇಗೆ?

ರಸ್ತೆ ಅಗಲವಾಗುವಾಗ, ಶಾಲೆಗೆ ಹೊಸ ಕಟ್ಟಡ ಬರುವಾಗ, ಮಳೆಗಾಲದ ಗಾಳಿಗೆ ಹಳೆಯ ಮರವೊಂದು ಉರುಳಿದಾಗ ಊರಿನವರ ಬಾಯಲ್ಲಿ ಒಂದೇ ಮಾತು: ಅದು ಐತಿಹಾಸಿಕ ಮರವಾಗಿತ್ತು. 2023ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ (ಬಾವೋಬಾಬ್) ಮರಗಳಲ್ಲಿ ಒಂದು ಮಗುಚಿ ಬಿದ್ದಾಗ ಈ ಮಾತು ರಾಜ್ಯದ ತುಂಬ ಕೇಳಿಬಂತು. ಬಿದ್ದ ಮರವನ್ನು ಎತ್ತಿ ಮತ್ತೆ ನೆಟ್ಟರು. ಆಗ ಅನೇಕರ ಮನಸ್ಸಿನಲ್ಲಿ ಎದ್ದ ಪ್ರಶ್ನೆಗಳಿಗೆ ಉತ್ತರ ಸುಲಭವಾಗಿ ಸಿಗಲಿಲ್ಲ. ಯಾವ ಮರವನ್ನು ಐತಿಹಾಸಿಕ ಎನ್ನಬೇಕು? ಇಂಥವರೇ ನೆಟ್ಟದ್ದು ಎಂಬ ಮಾತನ್ನು ನಂಬುವುದು ಹೇಗೆ? ಅದು ಸತ್ತುಹೋದರೆ ಎಲ್ಲವೂ ಮುಗಿಯಿತೇ?

ಒಂದೇ ಒಂದು ಮರವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಪ್ರಶ್ನೆಗಳು ಬಿಡಿಸಿಕೊಳ್ಳುತ್ತವೆ. ಆ ಮರ ನಮ್ಮ ಕರಾವಳಿಯ ನೆರೆಯಲ್ಲೇ, ಕೇರಳದ ಪಯ್ಯನ್ನೂರಿನಲ್ಲಿದೆ. ಅಲ್ಲಿನವರು ಅದನ್ನು ಗಾಂಧಿ ಮಾವು ಎಂದು ಕರೆಯುತ್ತಾರೆ.

ಮರ ಎಲ್ಲಿದೆ?

ಮಂಗಳೂರಿನಿಂದ ಕಣ್ಣೂರಿನ ಕಡೆಗೆ ಹೋಗುವ ರೈಲು ಕಾಸರಗೋಡು, ನೀಲೇಶ್ವರ, ಚೆರ್ವತ್ತೂರು ದಾಟಿ ಪಯ್ಯನ್ನೂರು ಸೇರುತ್ತದೆ. ಬ್ರಿಟಿಷರ ಕಾಲದಲ್ಲಿ ಈ ಊರು ಮಲಬಾರ್ ಜಿಲ್ಲೆಗೆ ಸೇರಿತ್ತು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಎರಡೂ ಮದ್ರಾಸ್ ಪ್ರಾಂತ್ಯದ ಭಾಗ. ಹೀಗಾಗಿ ನಮ್ಮ ಜಿಲ್ಲೆಯ ತೆಂಕಣ ಗಡಿ ಮುಗಿಯುವಲ್ಲೇ ಪಯ್ಯನ್ನೂರಿನ ಸೀಮೆ ಶುರುವಾಗುತ್ತಿತ್ತು.

ಊರು ಚಿಕ್ಕದು, ಅದರ ರಾಜಕೀಯ ಚರಿತ್ರೆ ದೊಡ್ಡದು. 1928ರಲ್ಲಿ ಜವಾಹರಲಾಲ್ ನೆಹರು ಅಧ್ಯಕ್ಷತೆಯಲ್ಲಿ ಕೇರಳ ಪ್ರಾಂತೀಯ ರಾಜಕೀಯ ಸಮ್ಮೇಳನ ನಡೆದದ್ದು ಇಲ್ಲಿ. 1930ರ ಏಪ್ರಿಲ್‌ನಲ್ಲಿ ಕೆ. ಕೇಳಪ್ಪನ್ ಕೋಳಿಕ್ಕೋಡಿನಿಂದ ಕಾಲ್ನಡಿಗೆಯಲ್ಲಿ ಸತ್ಯಾಗ್ರಹಿಗಳನ್ನು ಕರೆತಂದು ಉಪ್ಪಿನ ಕಾನೂನು ಮುರಿದದ್ದೂ ಇಲ್ಲೇ.

1934ರ ಜನವರಿ 12ರಂದು ಮಹಾತ್ಮ ಗಾಂಧಿ ಪಯ್ಯನ್ನೂರಿಗೆ ಬಂದರು. ದಲಿತ ಮಕ್ಕಳಿಗಾಗಿ ನಡೆಯುತ್ತಿದ್ದ ಶ್ರೀ ನಾರಾಯಣ ವಿದ್ಯಾಲಯ ಎಂಬ ಆಶ್ರಮಶಾಲೆಗೆ ಹೋಗಿ ಅದರ ಅಂಗಳದಲ್ಲಿ ಮಾವಿನ ಸಸಿಯೊಂದನ್ನು ನೆಟ್ಟರು. ಆ ಸಸಿ ಬೆಳೆದು ಮರವಾಗಿ ನಿಂತಿದೆ. 2034ರ ಜನವರಿಗೆ ಅದಕ್ಕೆ ನೂರು ವರ್ಷ ತುಂಬುತ್ತದೆ.

ನೆಟ್ಟವರು ಪತ್ರಿಕೆ ನಡೆಸಿದವರು

ಗಾಂಧಿಯನ್ನು ನಾವು ಸ್ವಾತಂತ್ರ್ಯ ಹೋರಾಟದ ನಾಯಕರಾಗಿ ನೆನೆಯುತ್ತೇವೆ. ಅವರ ಬದುಕಿನ ಬಹಳಷ್ಟು ಹೊತ್ತು ಹೋದದ್ದು ಪತ್ರಿಕೆಯ ಕೆಲಸಕ್ಕೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಈ ಮರ ಅರ್ಥವಾಗಬೇಕಾದರೆ ಆ ಕೆಲಸವನ್ನು ತಿಳಿದಿರಬೇಕು.

1903ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ 'ಇಂಡಿಯನ್ ಒಪಿನಿಯನ್' ವಾರಪತ್ರಿಕೆ ಶುರುವಾಯಿತು. ಮೊದಲಿಗೆ ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು ನಾಲ್ಕೂ ಭಾಷೆಗಳಲ್ಲಿ ಅದು ಹೊರಬರುತ್ತಿತ್ತು. ಮರುವರ್ಷ ಮುದ್ರಣಾಲಯವನ್ನೇ ಎತ್ತಿಕೊಂಡು ಹೋಗಿ ಫೀನಿಕ್ಸ್ ಎಂಬಲ್ಲಿ ಜಮೀನು ಕೊಂಡು ನೆಲೆ ಮಾಡಿದರು. ಅಲ್ಲಿ ನೆಲೆಸಿದವರು ಹೊಲದ ಕೆಲಸವನ್ನೂ ಮಾಡಬೇಕು, ಅಚ್ಚುಮೊಳೆ ಜೋಡಿಸುವುದನ್ನೂ ಕಲಿಯಬೇಕು. ಮಣ್ಣಿನ ಕೆಲಸ, ಅಚ್ಚಿನ ಕೆಲಸ ಎರಡೂ ಗಾಂಧಿಗೆ ಒಟ್ಟಿಗೇ ಹತ್ತಿಕೊಂಡವು.

ಭಾರತಕ್ಕೆ ಬಂದ ಮೇಲೆ 1919ರಲ್ಲಿ 'ಯಂಗ್ ಇಂಡಿಯಾ', 'ನವಜೀವನ' ಪತ್ರಿಕೆಗಳನ್ನು ಕೈಗೆತ್ತಿಕೊಂಡರು. ಯಂಗ್ ಇಂಡಿಯಾದ ಮೂರು ಲೇಖನಗಳಿಗಾಗಿ 1922ರ ಮಾರ್ಚ್‌ನಲ್ಲಿ ರಾಜದ್ರೋಹದ ವಿಚಾರಣೆ ನಡೆದು ಆರು ವರ್ಷದ ಶಿಕ್ಷೆಯಾಯಿತು. ಪತ್ರಿಕೆಯ ಮುದ್ರಕರಾಗಿದ್ದ ಶಂಕರಲಾಲ್ ಬ್ಯಾಂಕರ್ ಕೂಡ ಅವರ ಜೊತೆ ಜೈಲಿಗೆ ಹೋದರು.

ನಮ್ಮ ಕಥೆಗೆ ಮುಖ್ಯವಾದದ್ದು 1933ರ ಫೆಬ್ರವರಿ 11ರಂದು ಪುಣೆಯಿಂದ ಹೊರಬಂದ 'ಹರಿಜನ' ವಾರಪತ್ರಿಕೆ. ಆಗ ಗಾಂಧಿ ಯರವಡಾ ಜೈಲಿನಲ್ಲಿದ್ದರು. ಅಲ್ಲಿಂದಲೇ ಬರೆದು ಕಳಿಸುತ್ತಿದ್ದರು, ಸಂಪಾದಕರಾಗಿ ಆರ್.ವಿ. ಶಾಸ್ತ್ರಿ ನೋಡಿಕೊಳ್ಳುತ್ತಿದ್ದರು. ಬೆಲೆ ಒಂದಾಣೆ. ಪತ್ರಿಕೆಯ ಕೆಲಸ ಒಂದೇ: ಅಸ್ಪೃಶ್ಯತೆಯ ವಿರುದ್ಧ ಬರೆಯುವುದು. (ಹರಿಜನ ಎಂಬ ಪದವನ್ನು ದಲಿತ ಸಮುದಾಯ ಒಪ್ಪುವುದಿಲ್ಲ. ಇಲ್ಲಿ ಅದು ಪತ್ರಿಕೆಯ ಮತ್ತು ಪ್ರವಾಸದ ಹೆಸರಾಗಿ ಮಾತ್ರ ಬಂದಿದೆ.)

ಮೊದಲ ಸಂಚಿಕೆಗೆ ಡಾ. ಬಿ.ಆರ್. ಅಂಬೇಡ್ಕರ್ ಅವರಿಂದ ಗಾಂಧಿ ಸಂದೇಶ ಕೇಳಿದ್ದರು. ಅಂಬೇಡ್ಕರ್ ಸಂದೇಶ ಕೊಡಲು ಒಪ್ಪಲಿಲ್ಲ, ಒಂದು ಹೇಳಿಕೆ ಕೊಟ್ಟರು. ಅಸ್ಪೃಶ್ಯತೆ ಹುಟ್ಟಿದ್ದು ಜಾತಿಪದ್ಧತಿಯಿಂದ, ಜಾತಿ ಇರುವವರೆಗೆ ಅಸ್ಪೃಶ್ಯರೂ ಇರುತ್ತಾರೆ, ಜಾತಿಯನ್ನು ಅಳಿಸದೆ ಬಿಡುಗಡೆ ಇಲ್ಲ ಎಂಬುದು ಅದರ ಸಾರ. ಅದನ್ನು ಗಾಂಧಿ ಅಚ್ಚುಮಾಡಿದರು, ತಮ್ಮ ಉತ್ತರವನ್ನೂ ಜೊತೆಗಿಟ್ಟರು. ಆ ಭಿನ್ನಾಭಿಪ್ರಾಯ ಅವರಿಬ್ಬರ ನಡುವೆ ಕೊನೆಯವರೆಗೂ ತೀರಲಿಲ್ಲ. ಪಯ್ಯನ್ನೂರಿನ ಮರದ ಬುಡದಲ್ಲಿ ನಿಲ್ಲುವವರು ಈ ವಾದವನ್ನೂ ತಿಳಿದಿರುವುದು ಒಳ್ಳೆಯದು.

ಮುಂದೆ 1933ರ ನವೆಂಬರ್ 7ರಂದು ವಾರ್ಧಾದಿಂದ ಗಾಂಧಿ ದೇಶ ಸುತ್ತಲು ಹೊರಟರು. ಅಷ್ಟರಲ್ಲಿ ಜೈಲಿನಿಂದ ಬಿಡುಗಡೆಯಾಗಿತ್ತು. ಆದರೆ ಶಿಕ್ಷೆಯ ವರ್ಷ ಮುಗಿಯುವವರೆಗೆ, ಅಂದರೆ 1934ರ ಆಗಸ್ಟ್‌ವರೆಗೆ, ಕಾನೂನುಭಂಗದ ಚಳವಳಿಗೆ ಇಳಿಯುವುದಿಲ್ಲ ಎಂದು ತಮಗೆ ತಾವೇ ಕಟ್ಟು ಹಾಕಿಕೊಂಡಿದ್ದರು. ಆ ಅವಧಿಯನ್ನು ಪೂರ್ತಿ ಅಸ್ಪೃಶ್ಯತಾ ನಿವಾರಣೆಗೆ ಕೊಟ್ಟರು. ಸುಮಾರು ಒಂಬತ್ತು ತಿಂಗಳಲ್ಲಿ 12,500 ಮೈಲಿ ಓಡಾಡಿ ಎಂಟು ಲಕ್ಷ ರೂಪಾಯಿ ಕೂಡಿಸಿದರು. ಕೊಟ್ಟ ಬಿನ್ನವತ್ತಳೆಗಳನ್ನು ಅಲ್ಲಿಯೇ ಹರಾಜು ಹಾಕುತ್ತಿದ್ದರು, ಹಸ್ತಾಕ್ಷರಕ್ಕೆ ಐದು ರೂಪಾಯಿ ಕೇಳುತ್ತಿದ್ದರು.

ಜನವರಿ ಮೊದಲ ವಾರದಲ್ಲಿ ಮೈಸೂರು ಸಂಸ್ಥಾನ, ಆಮೇಲೆ ಮಲಬಾರ್, ಕೊಚ್ಚಿ, ತಿರುವಾಂಕೂರು, ತಮಿಳುನಾಡು. ಫೆಬ್ರವರಿಯ ಕೊನೆಗೆ ಕೊಡಗಿನ ಮೂಲಕ ಮಂಗಳೂರಿಗೆ ಬಂದು ಉಡುಪಿ, ಕುಂದಾಪುರ, ಕಾರವಾರ, ಶಿರಸಿ ದಾರಿಯಲ್ಲಿ ಉತ್ತರಕ್ಕೆ ಹೋದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರ ಕೆಲಸವನ್ನು ನೆನೆದು, ಈ ವಿಷಯದಲ್ಲಿ ಅವರು ತಮಗೆ ಗುರು ಎಂದ ಮಾತು ಕರಾವಳಿಯಲ್ಲಿ ಇಂದಿಗೂ ಉಳಿದಿದೆ. ಪಯ್ಯನ್ನೂರಿನ ಸಸಿ ಈ ಒಂದೇ ಪ್ರಯಾಣದ ಗುರುತು.

ಆ ಶಾಲೆಯ ಅಂಗಳವೇ ಏಕೆ?

ಊರಿನಲ್ಲಿ ಮೈದಾನಗಳಿದ್ದವು, ದೊಡ್ಡ ಮನೆಗಳಿದ್ದವು. ಸಸಿ ನೆಟ್ಟದ್ದು ಪುಲಯ ಜಾತಿಯ ಮಕ್ಕಳು ಉಂಡು ಮಲಗಿ ಓದುತ್ತಿದ್ದ ಜಾಗದಲ್ಲಿ.

ಆ ಶಾಲೆಯನ್ನು 1931ರಲ್ಲಿ ಕಟ್ಟಿದವರು ಸ್ವಾಮಿ ಆನಂದತೀರ್ಥರು. 1905ರಲ್ಲಿ ತಲಶ್ಶೇರಿಯ ಗೌಡ ಸಾರಸ್ವತ ಕುಟುಂಬವೊಂದರಲ್ಲಿ ಹುಟ್ಟಿದ ಅನಂತ ಶೆಣೈ ಅವರು ಕಾಲೇಜು ಓದಿದವರು. ಸರ್ಕಾರಿ ನೌಕರಿ ಹಿಡಿದು ಸುಖವಾಗಿರಬಹುದಿತ್ತು. ಅದನ್ನು ಬಿಟ್ಟು 1928ರಲ್ಲಿ ನಾರಾಯಣ ಗುರುಗಳಿಂದ ಸಂನ್ಯಾಸ ಪಡೆದರು. ಗುರುಗಳು ಅದೇ ವರ್ಷ ತೀರಿಕೊಂಡರು. ಹಾಗಾಗಿ ಅವರ ಕೊನೆಯ ಸಂನ್ಯಾಸಿ ಶಿಷ್ಯರೆಂದು ಆನಂದತೀರ್ಥರಿಗೆ ಹೆಸರು. 1987ರಲ್ಲಿ ತೀರಿಕೊಳ್ಳುವವರೆಗೂ ದೇವಸ್ಥಾನ, ಬಾವಿ, ಚಹಾದಂಗಡಿ, ಕ್ಷೌರದಂಗಡಿಗಳಿಗೆ ದಲಿತರಿಗೆ ಪ್ರವೇಶ ಸಿಗಲಿ ಎಂದು ಓಡಾಡಿದರು. ಅದಕ್ಕಾಗಿ ಹಲವು ಸಲ ಪೆಟ್ಟು ತಿಂದರು.

ಆ ಕಾಲದ ಪಯ್ಯನ್ನೂರಿನಲ್ಲಿ ಇದು ಎಷ್ಟು ಕಷ್ಟದ ಕೆಲಸ ಎಂಬುದಕ್ಕೆ ಒಂದೇ ಘಟನೆ ಸಾಕು. ಹತ್ತಿರದ ಕಂಡೋತ್ ಎಂಬಲ್ಲಿ ದೇವಸ್ಥಾನದ ಪಕ್ಕದ ರಸ್ತೆಯಲ್ಲಿ ದಲಿತರು ನಡೆಯುವಂತಿರಲಿಲ್ಲ. 1930ರ ದಶಕದ ಆರಂಭದಲ್ಲಿ ಕಾಂಗ್ರೆಸ್ ಕಾರ್ಯಕರ್ತರಾದ ಎ.ಕೆ. ಗೋಪಾಲನ್ ಮತ್ತು ಕೇರಳೀಯನ್ ಅವರು ದಲಿತರನ್ನು ಜೊತೆಗೆ ಕರೆದುಕೊಂಡು ಆ ರಸ್ತೆಯಲ್ಲಿ ಮೆರವಣಿಗೆ ಹೊರಟಾಗ ವಿರೋಧಿಗಳು ಗುಂಪು ಕಟ್ಟಿ ಅವರನ್ನು ಹೊಡೆದರು. ಗೋಪಾಲನ್ ಪ್ರಜ್ಞೆ ತಪ್ಪಿ ಬಿದ್ದರು. ಬರಿ ರಸ್ತೆಯಲ್ಲಿ ನಡೆದದ್ದಕ್ಕೆ ಈ ಶಿಕ್ಷೆ. ಅಂಥ ಊರಿನಲ್ಲಿ ಆ ಮಕ್ಕಳ ಅಂಗಳಕ್ಕೆ ದೇಶದ ಅತಿ ದೊಡ್ಡ ನಾಯಕರು ನಡೆದು ಬಂದು, ಮಣ್ಣು ಮುಟ್ಟಿ, ಅವರೇ ತಿನ್ನಬೇಕಾದ ಹಣ್ಣಿನ ಗಿಡ ನೆಟ್ಟರು.

ಬರಿಯ ನೆರಳಿನ ಮರವಾಗಿದ್ದರೆ ದಾರಿಹೋಕರಿಗೆಲ್ಲ ಸೇರುತ್ತಿತ್ತು. ಹಣ್ಣಿನ ಮರಕ್ಕೆ ಒಡೆಯರಿರುತ್ತಾರೆ. ಇಲ್ಲಿ ಒಡೆಯರು ಆ ಮಕ್ಕಳು. ಗಾಂಧಿ ಹೀಗೆ ಯೋಚಿಸಿಯೇ ನೆಟ್ಟರು ಎಂದು ನಾನು ಹೇಳುತ್ತಿಲ್ಲ. ಆ ಅಂಗಳದಲ್ಲಿ ಮಾವಿಗೆ ಬಂದ ಅರ್ಥ ಅದು ಎಂಬುದು ನನ್ನ ತಿಳಿವಳಿಕೆ. ಅದಕ್ಕಾಗಿಯೇ ಬರಿ 'ಗಾಂಧಿ ನೆಟ್ಟ ಮರ' ಎಂದು ಫಲಕ ಬರೆದರೆ ಅರ್ಧ ಮಾತು ಬರೆದ ಹಾಗೆ. ಯಾರ ಅಂಗಳದಲ್ಲಿ ನೆಟ್ಟರು, ಆ ಅಂಗಳವನ್ನು ಕಟ್ಟಿದವರು ಯಾರು ಎಂಬುದೂ ಅಲ್ಲಿರಬೇಕು.

ಇದೇ ಆ ಮರ ಎಂದು ಹೇಗೆ ಗೊತ್ತಾಗುತ್ತದೆ?

ಇಂಥವರು ಇಲ್ಲಿ ತಂಗಿದ್ದರು, ಇಂಥವರು ಈ ಮರ ನೆಟ್ಟರು ಎಂಬ ಮಾತು ಊರೂರಿನಲ್ಲಿ ಇದೆ. ಎಲ್ಲವೂ ನಿಜವಲ್ಲ. ಮರದ ಚರಿತ್ರೆಯನ್ನು ಪರೀಕ್ಷಿಸುವವರು ಮೂರು ಕಡೆಯಿಂದ ನೋಡುತ್ತಾರೆ.

ಮೊದಲನೆಯದು ದಾಖಲೆ. ನೆಟ್ಟವರು ಆ ದಿನ ಆ ಊರಿನಲ್ಲಿ ಇದ್ದರೇ? ಗಾಂಧಿಯ ವಿಷಯದಲ್ಲಿ ಇದು ಉಳಿದವರಿಗಿಂತ ಸುಲಭ, ಕಾರಣ ಅವರು ಪತ್ರಿಕೆಯವರು. ಪ್ರವಾಸದ ವರದಿ ವಾರವಾರವೂ ಹರಿಜನದಲ್ಲಿ ಅಚ್ಚಾಗುತ್ತಿತ್ತು. ಪಯ್ಯನ್ನೂರಿಗೆ ಹೋದ ಎರಡೇ ದಿನದಲ್ಲಿ ವಡಗರದಲ್ಲಿ ಕೌಮುದಿ ಎಂಬ ಹುಡುಗಿ ಮೈಮೇಲಿದ್ದ ಒಡವೆಗಳನ್ನೆಲ್ಲ ಬಿಚ್ಚಿಕೊಟ್ಟಳು. ಅದರ ಬಗ್ಗೆ ಗಾಂಧಿ ಬರೆದ ಲೇಖನ ಜನವರಿ 19ರ ಹರಿಜನದಲ್ಲೇ ಬಂತು. ಅವರ ಬರಹ, ಭಾಷಣ, ಪತ್ರಗಳೆಲ್ಲ 100 ಸಂಪುಟಗಳಲ್ಲಿ ದಿನಾಂಕದ ಕ್ರಮದಲ್ಲಿ ಪ್ರಕಟವಾಗಿವೆ. ಯಾವ ದಿನ ಯಾವ ಊರು ಎಂದು ಯಾರು ಬೇಕಾದರೂ ಹುಡುಕಬಹುದು. ನಿಮ್ಮ ಊರಿನಲ್ಲೂ ಗಾಂಧಿ ನೆಟ್ಟ ಗಿಡ ಇದೆ ಎಂಬ ಮಾತಿದ್ದರೆ ಮೊದಲು ನೋಡಬೇಕಾದ್ದು ಈ ಸಂಪುಟಗಳನ್ನು.

ಎರಡನೆಯದು ಕೈಬದಲಾವಣೆ ಇಲ್ಲದ ಜೋಪಾಸನೆ. ನೆಟ್ಟ ದಿನದಿಂದ ಇಂದಿನವರೆಗೆ ಆ ಜಾಗ ಯಾರ ವಶದಲ್ಲಿತ್ತು? ಪಯ್ಯನ್ನೂರಿನಲ್ಲಿ ನೆಡಿಸಿದವರೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದೇ ಸಂಸ್ಥೆಯ ಹಿಂದಿದ್ದರು. ವಾರ್ಧಾ ಬಳಿಯ ಸೇವಾಗ್ರಾಮದಲ್ಲೂ ಹೀಗೇ: 1936ರಲ್ಲಿ ಗಾಂಧಿ ನೆಟ್ಟ ಅರಳಿ, ಕಸ್ತೂರಬಾ ನೆಟ್ಟ ಬಕುಳ ಎರಡೂ ಆಶ್ರಮದ ಆವರಣದಲ್ಲೇ ಇವೆ. ಜಮೀನು ಹತ್ತು ಕೈ ಬದಲಾಗಿ, ನಡುವೆ ಬೇಲಿ ಬಿದ್ದು, ಮತ್ತೆ ಯಾರೋ ಬಂದು 'ಇದೇ ಆ ಮರ' ಎಂದರೆ ಅಲ್ಲಿ ಅನುಮಾನಕ್ಕೆ ಜಾಗವಿದೆ.

ಮೂರನೆಯದು ಮರದ ಮೈ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಕಾಂಡದ ಉಂಗುರ ಎಣಿಸಿದರೆ ವಯಸ್ಸು ಸಿಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಚಳಿಗಾಲದಲ್ಲಿ ಬೆಳವಣಿಗೆ ಪೂರ್ತಿ ನಿಲ್ಲುವ ನಾಡುಗಳ ಮರಗಳಿಗೆ ಅದು ಸರಿ. ನಮ್ಮಲ್ಲಿ ತೇಗದಂತೆ ಎಲೆ ಉದುರಿಸಿ ಸುಮ್ಮನಾಗುವ ಮರಗಳಲ್ಲಿಯೂ ಉಂಗುರ ಸ್ಪಷ್ಟ. ಮಾವು ಹಾಗಲ್ಲ. ಅದು ವರ್ಷವಿಡೀ ಹಸಿರು, ವರ್ಷದಲ್ಲಿ ಹಲವು ಸಲ ಚಿಗುರುತ್ತದೆ, ಒಂದು ಕೊಂಬೆ ಚಿಗುರುವಾಗ ಇನ್ನೊಂದು ಸುಮ್ಮನಿರುತ್ತದೆ. ಒಳಗಿನ ಗೆರೆಗಳನ್ನು ವರ್ಷಕ್ಕೊಂದು ಎಂದು ಲೆಕ್ಕ ಹಿಡಿಯಲು ಬರುವುದಿಲ್ಲ. ಮೇಲಾಗಿ ಉಂಗುರ ನೋಡಲು ಕಾಂಡಕ್ಕೆ ತೂತು ಕೊರೆಯಬೇಕು. ಕಾಪಾಡಬೇಕಾದ ಮರಕ್ಕೆ ಗಾಯ ಮಾಡಿ ವಯಸ್ಸು ಕೇಳುವುದು ಸಲ್ಲ.

ವಿಕಿರಣಶೀಲ ಇಂಗಾಲದ ಪರೀಕ್ಷೆಯೂ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. 1950 ಮತ್ತು 60ರ ದಶಕಗಳ ಪರಮಾಣು ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿನ ಈ ಇಂಗಾಲ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅದರಿಂದಾಗಿ ಆ ನಂತರ ಬೆಳೆದ ಮರದ ವಯಸ್ಸನ್ನು ಒಂದೆರಡು ವರ್ಷದ ಅಂತರದಲ್ಲಿ ಹೇಳಬಹುದು. ಅದಕ್ಕೂ ಹಿಂದಿನ ಸುಮಾರು 300 ವರ್ಷಗಳಲ್ಲಿ ಅದರ ಪ್ರಮಾಣ ಏರಿಳಿದಿರುವುದರಿಂದ ಒಂದೇ ಅಳತೆಗೆ ಹಲವು ಉತ್ತರ ಬರುತ್ತವೆ. 1934 ಬೀಳುವುದು ಆ ಗೊಂದಲದ ಕಾಲದಲ್ಲೇ.

ಹಾಗಾದರೆ ಮರದ ಮೈ ಏನು ಹೇಳುತ್ತದೆ? ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು, ಅದೇ ಮಣ್ಣು, ಅದೇ ಮಳೆಯಲ್ಲಿ ಬೆಳೆದ, ವಯಸ್ಸು ಗೊತ್ತಿರುವ ಮರಗಳ ಜೊತೆ ಹೋಲಿಸಬಹುದು. ಅದರಿಂದ ವರ್ಷ ಸಿಗುವುದಿಲ್ಲ, ಕಥೆ ಸಾಧ್ಯವೋ ಅಸಾಧ್ಯವೋ ಎಂಬುದು ಸಿಗುತ್ತದೆ. ಮುಖ್ಯ ಸಾಕ್ಷಿ ಕಾಗದ, ಮರದ ಮೈ ಅದಕ್ಕೆ ಬೆಂಬಲ.

ಹಳೆಯ ಮಾವಿಗೆ ಯಾವುದರಿಂದ ಅಪಾಯ?

ಮಾವು ದೀರ್ಘಾಯುಷಿ. ನೂರು ದಾಟಿದ ಮರಗಳು ನಮ್ಮ ತೋಟಗಳಲ್ಲೇ ಬೇಕಾದಷ್ಟಿವೆ. ಪಯ್ಯನ್ನೂರಿನ ಮರಕ್ಕೆ ವಯಸ್ಸೇ ಕಾಯಿಲೆಯಲ್ಲ. ಹಳೆಯ ಮರಗಳನ್ನು ಕೊಲ್ಲುವುದು ಹೆಚ್ಚಾಗಿ ಅಕ್ಕರೆಯಿಂದ ಮಾಡಿದ ಕೆಲಸಗಳೇ.

ಮರದಲ್ಲಿ ಜೀವ ಇರುವುದು ಹೆಚ್ಚಾಗಿ ಹೊರಗಿನ ಪದರಗಳಲ್ಲಿ. ತೊಗಟೆಯ ಕೆಳಗಿನ ತೆಳುವಾದ ಪೊರೆಯೊಂದು ಹೊಸ ಮರವನ್ನೂ ಹೊಸ ತೊಗಟೆಯನ್ನೂ ಕಟ್ಟುತ್ತಾ ಹೋಗುತ್ತದೆ. ನಡುವಿನ ಕೆಚ್ಚು ಸತ್ತ ಭಾಗ, ಆಸರೆಗಾಗಿ ಉಳಿದದ್ದು. ಅದಕ್ಕೇ ಪೊಟರೆ ಬಿದ್ದ ಮರವೂ ದಶಕಗಟ್ಟಲೆ ಹೂ ಬಿಟ್ಟು ಕಾಯಿ ಕಟ್ಟುತ್ತದೆ. ಇದು ಗೊತ್ತಿಲ್ಲದೆ ಪೊಟರೆಗೆ ಸಿಮೆಂಟ್ ತುಂಬುತ್ತಾರೆ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಎರಡರ ಸಂದಿಯಲ್ಲಿ ನೀರು ನಿಂತು ಕೊಳೆತ ಇನ್ನಷ್ಟು ಒಳಗೆ ಹೋಗುತ್ತದೆ.

ಕೊಂಬೆ ಕಡಿಯುವಾಗಲೂ ಇದೇ ಅಜ್ಞಾನ ಕೆಲಸ ಮಾಡುತ್ತದೆ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಗಾಯವನ್ನು ಸುತ್ತುವರಿದು ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಕಾಂಡಕ್ಕೆ ಸಮವಾಗಿ ನಯವಾಗಿ ಕಾಣಲಿ ಎಂದು ಅದನ್ನೂ ಸೇರಿಸಿ ಕೊಯ್ದರೆ ಗಾಯ ಮುಚ್ಚುವುದಿಲ್ಲ. ಉದ್ದನೆಯ ಮೋಟು ಬಿಟ್ಟರೆ ಅದು ಕೊಳೆತು ಒಳಗಿಳಿಯುತ್ತದೆ. ಉಬ್ಬಿನ ಹೊರಗೆ, ಅದಕ್ಕೆ ತಾಗಿದಂತೆ ಕೊಯ್ಯುವುದು ಸರಿಯಾದ ಕ್ರಮ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರಿಗೆ. ನೀರು, ಪೋಷಕಾಂಶ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ನೆರಳಿನಾಚೆಗೂ ಹರಡಿರುತ್ತವೆ. ಅವಕ್ಕೂ ಉಸಿರಾಡಲು ಗಾಳಿ ಬೇಕು. ಗೌರವಕ್ಕೆಂದು ಬುಡದ ಸುತ್ತ ಎತ್ತರದ ಕಟ್ಟೆ ಕಟ್ಟಿ ಮಣ್ಣು ತುಂಬಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿದರೆ ಬೇರು ಉಸಿರುಗಟ್ಟುತ್ತದೆ. ಮರ ಒಂದೇ ವರ್ಷದಲ್ಲಿ ಸಾಯುವುದಿಲ್ಲ, ತುದಿಯ ಕೊಂಬೆಗಳಿಂದ ಒಣಗುತ್ತಾ ಬರುತ್ತದೆ. ಕಾರಣ ತಿಳಿಯುವಾಗ ಕಟ್ಟೆ ಕಟ್ಟಿದ್ದು ಯಾರಿಗೂ ನೆನಪಿರುವುದಿಲ್ಲ. ಮಾಡಬೇಕಾದ್ದು ಸರಳ: ಬುಡದ ಸುತ್ತ ಮಣ್ಣು ಬಿಚ್ಚಿರಲಿ, ತರಗೆಲೆ ಹರಡಿರಲಿ, ವಾಹನ ನಿಲ್ಲದಿರಲಿ.

ಇವುಗಳ ಮೇಲೆ ಮಾವಿಗೇ ಅಂಟಿದ ಎರಡು ಕಾಟಗಳಿವೆ. ಕಾಂಡ ಕೊರೆಯುವ ಹುಳು ಒಳಗಿಂದ ಸುರಂಗ ಮಾಡುತ್ತದೆ. ಬುಡದಲ್ಲಿ ಮರದ ಪುಡಿ ಉದುರಿದ್ದು ಕಂಡರೆ ಅದೇ ಸೂಚನೆ. ಇನ್ನೊಂದು ಹಕ್ಕಿಗಳು ಬೀಜ ತಂದು ಅಂಟಿಸುವ ಬಂದಳಿಕೆ. ಅದು ಕೊಂಬೆಯ ಒಳಕ್ಕೆ ಬೇರಿಳಿಸಿ ಅದರ ರಸ ಕುಡಿದು ಬೆಳೆಯುತ್ತದೆ. ಹೂ ಬಿಡುವ ಮೊದಲೇ, ಅದು ಊರಿದ ಜಾಗದಿಂದ ಸ್ವಲ್ಪ ಕೆಳಗಿನಿಂದಲೇ ಕೊಂಬೆ ತೆಗೆಯಬೇಕು.

ಮರ ಹೋದರೂ ಅದೇ ಮರ ಉಳಿಯಬಹುದೇ?

ಉಳಿಯಬಹುದು. ಇದಕ್ಕೆ ಜಗತ್ತಿನ ಅತಿ ಹಳೆಯ ಉದಾಹರಣೆ ಶ್ರೀಲಂಕಾದ ಅನುರಾಧಪುರದಲ್ಲಿದೆ. ಬೋಧಗಯೆಯ ಅರಳಿಯ ಕೊಂಬೆಯನ್ನು ಕ್ರಿ.ಪೂ. 3ನೇ ಶತಮಾನದಲ್ಲಿ ಅಲ್ಲಿಗೆ ಒಯ್ದು ನೆಟ್ಟರು. ಅಂದಿನಿಂದ ಭಿಕ್ಷುಗಳ ಕಾವಲು ತಪ್ಪಿಲ್ಲ. ಮೂಲ ಮರ ಬೋಧಗಯೆಯಲ್ಲಿ ಹಲವು ಸಲ ಅಳಿದು ಹುಟ್ಟಿದೆ, ಕೊಂಬೆಯಿಂದ ಬೆಳೆದದ್ದು ಅನುರಾಧಪುರದಲ್ಲಿ ನಿಂತಿದೆ. ಬೆಂಗಳೂರಿನ ಹೊರವಲಯದ ದೊಡ್ಡ ಆಲದ ಮರದ ಮೂಲ ಕಾಂಡವೂ ಈಗಿಲ್ಲ. ಅದರ ಬಿಳಲುಗಳೇ ಕಾಂಡಗಳಾಗಿ ಮರವನ್ನು ಮುಂದುವರಿಸಿವೆ.

ಮಾವಿಗೆ ಬಿಳಲಿಲ್ಲ. ಅದಕ್ಕೆ ದಾರಿ ಕಸಿ. ಹಳೆಯ ಮರದ ಬಲಿತ ಕುಡಿಯೊಂದನ್ನು ತಂದು, ವಾಟೆಯಿಂದ ಎಬ್ಬಿಸಿದ ಎಳೆಯ ಗಿಡದ ಮೇಲೆ ಕೂಡಿಸಿ ಕಟ್ಟುತ್ತಾರೆ. ಎರಡರ ಜೀವಂತ ಪೊರೆಗಳು ಬೆಸೆದುಕೊಂಡರೆ, ಕೆಳಗೆ ಹೊಸ ಗಿಡದ ಬೇರು, ಮೇಲೆ ಹಳೆಯ ಮರ. ಇದನ್ನು ಹೆಪ್ಪು ಹಾಕುವುದಕ್ಕೆ ಹೋಲಿಸಬಹುದು: ಹಾಲು ಇವತ್ತಿನದು, ಹೆಪ್ಪು ಅಜ್ಜಿಯ ಕಾಲದಿಂದ ಬಂದದ್ದು, ಮೊಸರಿನ ಗುಣ ಹೆಪ್ಪಿನದೇ. ಕಸಿಯಲ್ಲಿ ಬಂದ ಮರದ ಎಲೆ, ಹೂ, ಹಣ್ಣಿನ ರುಚಿ ಎಲ್ಲವೂ ತಾಯಿಮರದ್ದೇ.

ನಮ್ಮ ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಳೆದಂಡೆಯಲ್ಲಿ ಎಲ್ಲೋ ಒಂದೇ ಒಂದಾಗಿದ್ದ ಅಪ್ಪೆಮರದ ಮಿಡಿ ಉಪ್ಪಿನಕಾಯಿಗೆ ಒದಗುತ್ತದೆ ಎಂದು ಕಂಡರೆ ಅದಕ್ಕೊಂದು ಹೆಸರಿಟ್ಟು, ಕುಡಿ ತಂದು ಕಸಿ ಕಟ್ಟಿ ತೋಟಕ್ಕೆ ತಂದವರು ಅವರು. ಅನಂತಭಟ್ಟನ ಅಪ್ಪೆ ಹೀಗೆ ಒಂದು ಮರದ ಹೆಸರಾಗಿ ಶುರುವಾಗಿ ಮನೆಮನೆಗೆ ಹರಡಿತು. ಐತಿಹಾಸಿಕ ಮರಕ್ಕೂ ಬೇಕಾದ್ದು ಇದೇ ಕೈಚಳಕ.

ವಾಟೆ ನೆಟ್ಟರೆ ಸಾಲದೇ ಎಂದು ಕೇಳಬಹುದು. ಉತ್ತರ ಮರದ ತಳಿಯ ಮೇಲಿದೆ. ಉತ್ತರ ಭಾರತದ ಬಹುತೇಕ ಮಾವುಗಳ ಒಂದು ವಾಟೆಯಿಂದ ಒಂದೇ ಸಸಿ ಏಳುತ್ತದೆ. ಅದು ಪರಾಗಸ್ಪರ್ಶದಿಂದ ಹುಟ್ಟಿದ ಮಗು, ಅದರಲ್ಲಿ ಬೇರೊಂದು ಮರದ ಪಾಲೂ ಇರುತ್ತದೆ. ಪಶ್ಚಿಮ ಕರಾವಳಿಯ ಹಲವು ನಾಟಿ ತಳಿಗಳು ಬೇರೆ ಥರ. ಒಂದು ವಾಟೆಯಿಂದ ಎರಡು, ಮೂರು, ನಾಲ್ಕು ಸಸಿ ಏಳುತ್ತವೆ. ಅವುಗಳಲ್ಲಿ ಒಂದು ಪರಾಗಸ್ಪರ್ಶದ್ದು, ಅದು ಹಲವು ಸಲ ಸೊರಗಿ ಹೋಗುತ್ತದೆ. ಉಳಿದವು ತಾಯಿಮರದ ಅಂಗಾಂಶದಿಂದಲೇ ನೇರವಾಗಿ ಹುಟ್ಟಿದವು, ಗುಣದಲ್ಲಿ ತಾಯಿಯೇ. ಆದರೂ ಯಾವ ಸಸಿ ಯಾವುದು ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಖಾತ್ರಿ ಬೇಕೆಂದರೆ ಕಸಿಯೇ ಸರಿ.

ಕಾನೂನು ಎಷ್ಟು ದೂರ ಕಾಯುತ್ತದೆ?

ನಮ್ಮ ದೇಶದಲ್ಲಿ ಹಳೆಯ ಸ್ಮಾರಕಗಳನ್ನು ಕಾಯುವ 1958ರ ಕಾನೂನು ಕಟ್ಟಡ, ಗುಹೆ, ಶಾಸನ, ಶಿಲೆಗಳ ಬಗ್ಗೆ ಮಾತಾಡುತ್ತದೆ. ಜೀವಂತ ಮರ ಅದರೊಳಗೆ ಬರುವುದಿಲ್ಲ. ಗಾಂಧಿ ಕುಳಿತ ಕುರ್ಚಿ ಮ್ಯೂಸಿಯಂ ಸೇರುತ್ತದೆ, ಗಾಂಧಿ ನೆಟ್ಟ ಮರಕ್ಕೆ ಅಂಥ ನೆಲೆ ತಾನಾಗಿ ಸಿಗುವುದಿಲ್ಲ.

ಹತ್ತಿರದ ದಾರಿ 2002ರ ಜೀವವೈವಿಧ್ಯ ಕಾಯ್ದೆ. ಅದರ 37ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿ ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಬಹುದು. ದೇಶದಲ್ಲಿ ಮೊದಲು ಈ ಮನ್ನಣೆ ಪಡೆದದ್ದು ನಮ್ಮ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು, 2007ರಲ್ಲಿ. ಮರಗಳ ಗುಂಪಿಗೆ ಈ ದಾರಿ ಒಪ್ಪುತ್ತದೆ. ಒಂಟಿ ಮರಕ್ಕೆ ಹೆಚ್ಚು ಕೈಗೆಟುಕುವುದು ಅದೇ ಕಾಯ್ದೆಯಡಿ ಪಂಚಾಯಿತಿ, ಪುರಸಭೆ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿ. ಅದರಲ್ಲಿ ಮರದ ಹೆಸರು, ಜಾಗ, ಕಥೆ ಸೇರಿಸಿದರೆ ಕಡಿಯಲು ಬಂದವರ ಮುಂದೆ ಹಿಡಿಯಲು ಒಂದು ಸರ್ಕಾರಿ ಕಾಗದವಾದರೂ ಇರುತ್ತದೆ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯೂ ಇದೆ. ಅದರಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಕೆಲವು ಜಾತಿಯ ಮರಗಳಿಗೆ ವಿನಾಯಿತಿಯಿದೆ. ಆದರೆ ಆ ಕಾಯ್ದೆ ಮರವನ್ನು ಮರವಾಗಿ ನೋಡುತ್ತದೆ, ಅದರ ಚರಿತ್ರೆಯನ್ನು ಕೇಳುವುದಿಲ್ಲ.

ಆದ್ದರಿಂದ ಇಂಥ ಮರ ಇರುವ ಶಾಲೆ, ಆಶ್ರಮ, ಮಠಗಳು ತಾವೇ ಮಾಡಿಕೊಳ್ಳಬೇಕಾದ ಕೆಲಸ ಉಳಿಯುತ್ತದೆ. ಭೇಟಿಯ ದಿನಾಂಕ, ಹಳೆಯ ಫೋಟೋ, ಸಂದರ್ಶಕರ ಪುಸ್ತಕದ ಪುಟ, ಕಂಡವರ ಮಕ್ಕಳು ಮೊಮ್ಮಕ್ಕಳ ಮಾತು ಎಲ್ಲವನ್ನೂ ಒಂದೆಡೆ ಬರೆದಿಟ್ಟು ವರ್ಷಕ್ಕೊಮ್ಮೆ ಸುತ್ತಳತೆ ತೆಗೆದು ಅದಕ್ಕೆ ಸೇರಿಸಬೇಕು. ಕಸಿಯನ್ನು ಮರ ಗಟ್ಟಿಯಾಗಿರುವಾಗಲೇ ಕಟ್ಟಿಸಬೇಕು. ಸೊರಗಿದ ಮರದಲ್ಲಿ ಒಳ್ಳೆಯ ಕುಡಿ ಸಿಗುವುದಿಲ್ಲ. ಕರಾವಳಿಯಲ್ಲಿ ಮಳೆಗಾಲದ ತೇವ ಇರುವಾಗ, ಮೂರು ನಾಲ್ಕು ತಿಂಗಳು ಬಲಿತ ಕುಡಿಯ ಎಲೆಗಳನ್ನು ವಾರ ಹತ್ತು ದಿನ ಮೊದಲೇ ಸವರಿಟ್ಟು, ಮೊಗ್ಗು ಉಬ್ಬಿದ ಮೇಲೆ ಕಸಿ ಕಟ್ಟಿದರೆ ಹಿಡಿಯುವುದು ಹೆಚ್ಚು. ಹಿಡಿದ ಗಿಡಗಳನ್ನು ಒಂದೇ ಕಡೆ ನೆಡದೆ ಬೇರೆ ಬೇರೆ ಊರುಗಳಿಗೆ ಕೊಟ್ಟು, ಪ್ರತಿಯೊಂದಕ್ಕೂ ತಾಯಿಮರ ಯಾವುದು, ಅದು ನಿಂತಿರುವ ಅಂಗಳ ಯಾರದು, ಕುಡಿ ತೆಗೆದದ್ದು ಯಾವ ದಿನ ಎಂದು ಬರೆದ ಚೀಟಿ ಕಟ್ಟಬೇಕು, ಕೊಟ್ಟ ಊರಿನ ಹೆಸರನ್ನು ತಾಯಿಮರದ ದಾಖಲೆಯಲ್ಲೂ ಬರೆದಿಡಬೇಕು.